ಅಂಗಡಿಗೆ 11 ತಿಂಗಳ ಅಗ್ರಿಮೆಂಟಾ, ರಿಜಿಸ್ಟರ್ಡ್ ಲೀಸಾ, ಲೈಸೆನ್ಸಾ?

ಬಾಡಿಗೆ ಅಂಗಡೀಲಿ ಸಲೂನ್ ಹಾಕೋಕೆ ಯಾವ ಪತ್ರ ಮಾಡಿಸ್ಲಿ ಅಂತ ಒಬ್ರು ಕೇಳಿದ್ರು, ಖರ್ಚು ನೋಡಿದ್ರೆ 11 ತಿಂಗಳ ಬಾಡಿಗೆ ಅಗ್ರಿಮೆಂಟೇ ಸುಲಭ, ರಿಜಿಸ್ಟ್ರೇಶನ್ ಕಡ್ಡಾಯ ಇಲ್ಲ, ಏರಿಯಾ ಹೆಂಗೆ ಅಂತ ಟ್ರೈ ಮಾಡೋರಿಗೆ ಸಾಕು. ಆದ್ರೆ ಕನ್ನಡಿ, ಕುರ್ಚಿ, ಎಸಿ ಅಂತ ಲಕ್ಷಗಟ್ಲೆ ಸುರಿಯೋರಾದ್ರೆ ದಯವಿಟ್ಟು ರಿಜಿಸ್ಟರ್ಡ್ ಲೀಸ್ (ವರ್ಷಗಟ್ಲೆ ಅವಧಿಗೆ ಮಾಡೋ ನೋಂದಾಯಿತ ಬಾಡಿಗೆ ಕರಾರು) ಮಾಡಿಸಿ, ಓನರ್ ಕಟ್ಟಡ ಮಾರಿದ್ರೂ ಅವಧಿ ಮುಗಿಯೋವರ್ಗೂ ಹೊಸಬ್ರು ಸುಮ್‌ಸುಮ್ನೆ ಎಬ್ಸೋಕಾಗಲ್ಲ, ಫಿಟ್ಟಿಂಗ್ಸ್ ಬಿಚ್ಕೊಂಡು ಹೋಗೋ ಹಕ್ಕು ನಮ್ದೇ ಅಂತಾನೂ ಒಂದು ಸಾಲು ಬರ್ಸಿ.

ಒಂದು ವರ್ಷ ದಾಟೋ ಲೀಸ್‌ಗೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟ್ರೇಶನ್ ಬೇಕೇ ಬೇಕು. ದುಡ್ಡು ಉಳಿಸೋಕೆ ಅಂತ ರಿಜಿಸ್ಟರ್ ಮಾಡಿಸ್ದೆ ಬಿಟ್ರೆ 5 ವರ್ಷದ ಲೀಸೂ ತಿಂಗಳ ಬಾಡಿಗೆ ಲೆಕ್ಕಕ್ಕೆ ಇಳಿದು 15 ದಿನದ ನೋಟಿಸ್‌ಗೆ ಖಾಲಿ ಮಾಡೋ ಪರಿಸ್ಥಿತಿ ಬರ್ಬೋದು, ಇಲ್ಲೇ ಜಾಸ್ತಿ ಜನ ಎಡವೋದು.

ಲೈಸೆನ್ಸ್ ಅಂದ್ರೆ ಬರೀ ಬಳಸೋ ಅನುಮತಿ, ಜಾಗದ ಮೇಲೆ ಹಕ್ಕಿಲ್ಲ. ಮಾಲ್ ಒಳಗಿನ ಪುಟ್ಟ ಸ್ಟಾಲ್‌ಗೆ (ಕಿಯೋಸ್ಕ್), ಹಲವರು ಹಂಚ್ಕೊಳ್ಳೋ ಆಫೀಸಿನ ಡೆಸ್ಕ್‌ಗೆ (ಕೋವರ್ಕಿಂಗ್) ಓಕೆ.