ಸೊನ್ನೆಯಿಂದ ಆರನೇ ನಂಬರಿಗೆ: ಸೇಬಲ್ ಬ್ರಷ್ ಜೊತೆ ಮೂರು ವರ್ಷ

ನವಿರು ಕೆಲಸಕ್ಕೆ ಸಣ್ಣ ಬ್ರಷ್ಷೇ ಬೇಕು ಎಂದು ನಂಬಿ, ಚಿತ್ರಕಲೆ ಕಲಿಯಲು ಸೇರಿದ ಮೊದಲ ವರ್ಷವಿಡೀ ಸೊನ್ನೆ, ಎರಡು ಸೊನ್ನೆ ನಂಬರುಗಳಲ್ಲೇ ತಿಣುಕಿದೆ. ಎಲೆಯ ಒಂದು ನರ ಎಳೆದು ಮುಗಿಸುವಷ್ಟರಲ್ಲಿ ಮೊನೆ ಒಣಗಿ ಗೆರೆ ತುಂಡಾಗುತ್ತಿತ್ತು. ನನ್ನ ಕೈಯೇ ಪಳಗಿಲ್ಲ ಎಂದುಕೊಂಡಿದ್ದೆ. ಅವಕ್ಕಿಂತ ದಪ್ಪನೆಯ, ಆರನೇ ನಂಬರಿನ ಕೊಲಿನ್‌ಸ್ಕಿ ಸೇಬಲ್ (ವೀಸೆಲ್ ಜಾತಿಯ ಪ್ರಾಣಿಯ ಕೂದಲಿನ ಜಲವರ್ಣ ಬ್ರಷ್) ಕೊಂಡ ಮೇಲೆ ಆ ಅಳುಕು ಹೋಯಿತು.

ಇದರ ಹೊಟ್ಟೆ ದಪ್ಪ, ಮೊನೆ ಸೂಜಿಯಂತೆ. ಹೊಟ್ಟೆಯಲ್ಲಿ ನಿಂತ ಬಣ್ಣ ಮೊನೆಗೆ ಇಳಿಯುತ್ತಲೇ ಇರುತ್ತದೆ. ಕಳೆದ ತಿಂಗಳು, ಜರ್ಮನ್ ಕಲಾವಿದ ಡ್ಯೂರರ್ 1502ರಲ್ಲಿ ಬರೆದ ಮೊಲದ ಚಿತ್ರವನ್ನು ಅಭ್ಯಾಸಕ್ಕೆಂದು ನಕಲು ಮಾಡಿದೆ. ಮೊದಲು ತೆಳುಗಂದು ಹರಡಿ, ಪೂರ್ತಿ ಒಣಗಿದ ಮೇಲೆ ಒಂದೊಂದೇ ರೋಮ ಎಳೆಯುತ್ತಾ ಹೋದೆ. ಕಿವಿಯ ಮೇಲೆ ಗಿಡ್ಡ, ಎದೆಯ ಬಳಿ ಉದ್ದ, ಪಕ್ಕೆಯಲ್ಲಿ ದಿಕ್ಕೇ ಬೇರೆ. ಒಮ್ಮೆ ಅದ್ದಿದರೆ ಇಪ್ಪತ್ತು ರೋಮಗಳಿಗೆ ತೊಂದರೆಯಿಲ್ಲ. ಮೊಲದ ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬವಿದೆಯಲ್ಲ, ಅಷ್ಟು ಜಾಗದಲ್ಲಿ ಕಾಗದದ ಬಿಳಿಯನ್ನು ಉಳಿಸಿಕೊಂಡು ಸುತ್ತಲ ಕಪ್ಪನ್ನು ತುಂಬಿದ್ದೂ ಇದೇ ಬ್ರಷ್‌ನಿಂದ.

ಸಂಜೆ ಇದನ್ನು ತೊಳೆಯುವುದೆಂದರೆ ನನಗೆ ಇಷ್ಟ. ತಣ್ಣೀರು, ಅಂಗೈಯಲ್ಲಿ ಸ್ವಲ್ಪ ಸೋಪು, ನೊರೆ ಬಿಳಿಯಾಗುವವರೆಗೆ ಮೆಲ್ಲಗೆ ತಿರುವುವುದು. ಒಮ್ಮೆ ಕೊಡವಿದರೆ ಕೂದಲೆಲ್ಲ ತಾವಾಗಿಯೇ ಕೂಡಿ ಮೊನೆಯಾಗುತ್ತವೆ. ಅಡ್ಡ ಮಲಗಿಸಿ ಒಣಗಿಸುತ್ತೇನೆ. ಒದ್ದೆಯಿರುವಾಗ ನೆಟ್ಟಗೆ ನಿಲ್ಲಿಸಿದರೆ ಲೋಹದ ಕಟ್ಟಿನೊಳಗೆ ನೀರಿಳಿದು ಅಂಟು ಸಡಿಲವಾಗುತ್ತದೆ. ಆಕ್ರಿಲಿಕ್‌ಗೆ, ಬಣ್ಣ ತಾಗಬಾರದ ಜಾಗಕ್ಕೆ ಹಚ್ಚುವ ಮಾಸ್ಕಿಂಗ್ ದ್ರವಕ್ಕೆ ಇದನ್ನು ಮುಟ್ಟಿಸುವುದೇ ಇಲ್ಲ, ಅದಕ್ಕೆಲ್ಲ ಹಳೆಯ ನೈಲಾನ್ ಬ್ರಷ್‌ಗಳಿವೆ.

ಇಷ್ಟು ಹೊಗಳಿದ ಬ್ರಷ್‌ನಂಥದ್ದೇ ಇನ್ನೊಂದನ್ನು ಈ ವರ್ಷ ಆನ್‌ಲೈನ್‌ನಲ್ಲಿ ತರಿಸಿದೆ. ಅದೇ ಕಂಪನಿ, ಅದೇ ನಂಬರು. ಒದ್ದೆ ಮಾಡಿ ಕೊಡವಿದರೆ ಮೊನೆ ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿತು. ನಾಲ್ಕು ದಿನ ತಿದ್ದಿ ನೋಡಿದರೂ ಕೂಡಲಿಲ್ಲ. ದೂರು ಕೊಟ್ಟರೆ, ಪ್ರಾಣಿಯ ಕೂದಲು ಒಂದರಂತೆ ಒಂದು ಇರುವುದಿಲ್ಲ ಎಂಬ ಉತ್ತರ ಬಂತು. ಬದಲಿ ಬ್ರಷ್ ಬರಲಿಲ್ಲ. ಆ ದುಡ್ಡಿಗೆ ನನಗೆ ಒಂದು ತಿಂಗಳ ಕಾಗದ ಬರುತ್ತಿತ್ತು. ಕೂದಲಿನಲ್ಲಿ ವ್ಯತ್ಯಾಸ ಇರುತ್ತದೆಂದು ಗೊತ್ತಿದ್ದ ಮೇಲೆ ಪ್ಯಾಕ್ ಮಾಡುವ ಮುನ್ನ ನೀರಿನಲ್ಲಿ ಅದ್ದಿ ನೋಡಬಾರದಿತ್ತೇ?

ಆದ್ದರಿಂದ ಅಂಗಡಿಗೇ ಹೋಗಿ, ಒಂದು ಲೋಟ ನೀರು ಕೇಳಿ, ಪರೀಕ್ಷಿಸಿ ಕೊಳ್ಳಿ. ವಿದ್ಯಾರ್ಥಿಗೆ ಇಂಥದ್ದು ಒಂದೇ ಸಾಕು. ನನ್ನ ಹಳೆಯದರ ಮೊನೆ ಈಗ ಸ್ವಲ್ಪ ಸವೆದಿದೆ. ರೋಮ ಎಳೆಯಲು ತೊಂದರೆಯಿಲ್ಲ. ಮೊಲದ ಮೀಸೆಗೆ ಮಾತ್ರ ಮತ್ತೆ ಸೊನ್ನೆ ನಂಬರನ್ನು ಹುಡುಕಿಕೊಂಡೆ.