ಕಣ್ಣಿಗೆ ಕೋಲ್ಡ್‌ಪ್ಲೇ, ಕಿವಿಗೆ ಎಡ್ ಶೀರನ್

ಬ್ರಿಟನ್ನಿನ ರಾಕ್ ತಂಡ ಕೋಲ್ಡ್‌ಪ್ಲೇ, ಅಲ್ಲಿಯವರೇ ಆದ ಗಾಯಕ ಎಡ್ ಶೀರನ್, ಇಬ್ಬರನ್ನೂ ಲೈವ್ ಆಗಿ ನೋಡಿ ಬಂದಿದ್ದೇನೆ. ತೀರ್ಪು ತಲೆಬರಹದಲ್ಲೇ ಇದೆ, ಕಾರಣ ಮಾತ್ರ ಕೆಳಗೆ. ಕೋಲ್ಡ್‌ಪ್ಲೇ ಹಾಡು ಕೇಳುತ್ತಲೇ ಬೆಳೆದವಳು ನಾನು, ಇವತ್ತಿಗೂ ಹೆಡ್‌ಫೋನ್‌ನಲ್ಲಿ ಅವರದ್ದೇ ಜಾಸ್ತಿ. ಆದರೆ ಒಂದೇ ಟಿಕೆಟ್ ಇದೆ, ಯಾರದ್ದು ಬೇಕು ಅಂತ ಕೇಳಿದರೆ ಎಡ್ ಶೀರನ್ ಅಂತಲೇ ಹೇಳುತ್ತೇನೆ. ಫ್ಯಾನ್‌ಗಳು ಬೈದುಕೊಂಡರೂ ಪರವಾಗಿಲ್ಲ.

ಮೊದಲು ಕೋಲ್ಡ್‌ಪ್ಲೇ. ನಾನು ನೋಡಿದ್ದು 2022ರ ಮಾರ್ಚ್‌ನಲ್ಲಿ ಕೋಸ್ಟರಿಕಾದಿಂದ ಶುರುವಾದ ಟೂರ್‌ನ ಒಂದು ಶೋ. ಒಳಗೆ ಹೋಗುವಾಗಲೇ ಕೈಗೆ ಕಟ್ಟಿಕೊಳ್ಳಲು ಬಣ್ಣದ ದೀಪ ಹೊತ್ತುವ ಒಂದು ರಿಸ್ಟ್‌ಬ್ಯಾಂಡ್ ಕೊಡುತ್ತಾರೆ. ಅದಕ್ಕೆ ಸ್ವಿಚ್ ಇಲ್ಲ, ಅದರ ಜುಟ್ಟು ಎಲ್ಲೋ ಕೂತ ಆಪರೇಟರ್ ಕೈಯಲ್ಲಿ. ಮೊದಲ ಹಾಡು ಶುರುವಾಗಿ ಇಡೀ ಸ್ಟೇಡಿಯಂ ಒಮ್ಮೆಲೇ ಕೆಂಪಾಗಿ, ಮರುಕ್ಷಣ ಹಳದಿಯಾಗಿ, ಆಮೇಲೆ ಆ ಬಣ್ಣ ಈ ತುದಿಯಿಂದ ಆ ತುದಿಗೆ ಹರಿದು ಹೋಗುವಾಗ ನನ್ನ ಬಾಯಿಂದ ಬಂದದ್ದು ಬರೀ ಕಿರುಚಾಟ. ಯೂಟ್ಯೂಬ್‌ನಲ್ಲಿ ಇದನ್ನೇ ಎಷ್ಟು ಸಲ ನೋಡಿದ್ದರೂ ಲೆಕ್ಕಕ್ಕಿಲ್ಲ. 2012ರ ಟೂರ್‌ನಿಂದಲೇ ಅವರು ಇಂಥ ಬ್ಯಾಂಡ್ ಕೊಡುತ್ತಾ ಬಂದಿದ್ದಾರೆ, ಈಗ ಬೇರೆ ಎಷ್ಟೋ ಜನ ಕೊಡುತ್ತಾರೆ, ಆದರೆ ಇಷ್ಟು ಚೆನ್ನಾಗಿ ಬಳಸಿದವರನ್ನು ನಾನಂತೂ ನೋಡಿಲ್ಲ.

ಇಲ್ಲೊಂದು ತಮಾಷೆ ಇದೆ. ಸ್ಟೇಜ್ ಹತ್ತಿರ ನೆಲದ ಮೇಲೆ ನಿಂತವರಿಗೆ ಈ ದೃಶ್ಯ ಪೂರ್ತಿ ಕಾಣುವುದೇ ಇಲ್ಲ. ಅವರು ಅದರ ಒಳಗಿರುತ್ತಾರೆ. ಕಾಣುವುದು ಮೇಲಿನ ಸ್ಟ್ಯಾಂಡ್‌ನಲ್ಲಿ, ಕಡಿಮೆ ದುಡ್ಡು ಕೊಟ್ಟು ಕೂತವರಿಗೆ! ನನ್ನ ಎತ್ತರಕ್ಕಂತೂ ನೆಲದ ಮೇಲೆ ನಿಂತರೆ ಸಿಗುವುದು ಮುಂದಿನವರ ಭುಜಗಳ ದರ್ಶನ ಮಾತ್ರ. ಕೋಲ್ಡ್‌ಪ್ಲೇಗೆ ಹೋಗುವುದಾದರೆ ಮೇಲಕ್ಕೇ ಹತ್ತಿ, ಯಾವ ಬೇಜಾರೂ ಬೇಡ.

ಶೋ ಮುಗಿದ ಮೇಲೆ ರಿಸ್ಟ್‌ಬ್ಯಾಂಡ್ ವಾಪಸ್ ಕೊಡಬೇಕು. ಯಾವ ಊರಿನವರು ಎಷ್ಟು ಶೇಕಡಾ ವಾಪಸ್ ಕೊಟ್ಟರು ಅಂತ ದೊಡ್ಡ ಸ್ಕ್ರೀನ್ ಮೇಲೆ ಪಟ್ಟಿ ಹಾಕುತ್ತಾರೆ. ಜೇಬಿಗೆ ಇಳಿಸಿದ್ದವರು ಅದನ್ನು ನೋಡಿ ಮೆಲ್ಲಗೆ ಹೊರಗೆ ತೆಗೆಯುವುದು ನೋಡಬೇಕು. ಇನ್ನೊಂದು ಕಡೆ ಸೈಕಲ್ ತುಳಿದು, ಸ್ಪ್ರಿಂಗ್ ಇರುವ ನೆಲದ ಮೇಲೆ ಕುಣಿದು ಕರೆಂಟ್ ತಯಾರಿಸುವ ಏರ್ಪಾಡೂ ಇದೆ. ಒಳ್ಳೆಯದೇ, ಆದರೆ ಕಾನ್ಸರ್ಟ್‌ಗೆ ಬಂದು ಯಾಕಪ್ಪಾ ಸೈಕಲ್ ತುಳಿಯಲಿ?

ಕೋಲ್ಡ್‌ಪ್ಲೇ ಗಾಯಕ ಕ್ರಿಸ್ ಮಾರ್ಟಿನ್ ಒಂದು ಹಾಡನ್ನು ಮಧ್ಯದಲ್ಲೇ ನಿಲ್ಲಿಸಿ, ಈ ಒಂದು ಹಾಡಿಗೆ ಫೋನ್ ಒಳಗಿಡಿ ಅಂತ ಕೇಳುತ್ತಾರೆ. ಅವರ ಪ್ರತಿ ಶೋನಲ್ಲೂ ಇದು ಇರುವಂಥದ್ದೇ, ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಆದರೂ ನನ್ನ ಸುತ್ತ ಇದ್ದವರೆಲ್ಲ ನಿಜವಾಗಿ ಫೋನ್ ಇಳಿಸಿ, ಹಾಡು ಮತ್ತೆ ಶುರುವಾಗಿ, ಕೈ ಖಾಲಿ ಇರುವ ಅಷ್ಟು ಜನ ಒಟ್ಟಿಗೆ ಹಾರಿದಾಗ ಕಾಲ ಕೆಳಗಿನ ಕಾಂಕ್ರೀಟ್ ಅದುರಿತು. ಆಮೇಲೆ ಕ್ಯಾಮೆರಾ ಜನರ ಮೇಲೆ ಹೋಗುತ್ತದೆ, ಸ್ಕ್ರೀನ್‌ನಲ್ಲಿ ಕಂಡವರ ಬಗ್ಗೆ ಕ್ರಿಸ್ ನಿಂತಲ್ಲೇ ಹಾಡು ಕಟ್ಟುತ್ತಾರೆ. ಆ ಹಾಡು ಚೆನ್ನಾಗೇನೂ ಇರುವುದಿಲ್ಲ. ಪ್ರಾಸ ಸಿಗದೆ ಒದ್ದಾಡುತ್ತಾರೆ, ತಾವೇ ನಗುತ್ತಾರೆ. ನನಗೆ ಇಡೀ ರಾತ್ರಿಯಲ್ಲಿ ತುಂಬಾ ಇಷ್ಟವಾದದ್ದು ಅದೇ, ಯಾಕೆಂದರೆ ಉಳಿದದ್ದೆಲ್ಲ ಕರಾರುವಾಕ್ಕು. ಸಾವಿರಾರು ದೀಪಗಳು ಬೀಟ್‌ಗೆ ಸರಿಯಾಗಿ ಬಡಿಯಬೇಕು ಅಂದರೆ ಹಾಡು ಅತ್ತಿತ್ತ ಅಲುಗಾಡುವ ಹಾಗಿಲ್ಲ ಅಲ್ವಾ.

ಇನ್ನು ಸೌಂಡ್. ಮೇಲೆ ಕೂತದ್ದಕ್ಕೆ ದಂಡ ಕಟ್ಟುವುದು ಇಲ್ಲೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಸ್ಟೇಜ್‌ನಿಂದ 100 ಮೀಟರ್ ದೂರ ಇದ್ದರೆ ಸ್ಕ್ರೀನ್ ಮೇಲೆ ತುಟಿ ಆಡಿದ ಮೇಲೆ ಸುಮಾರು 0.3 ಸೆಕೆಂಡ್ ತಡವಾಗಿ ದನಿ ಬರುತ್ತದೆ. ಡಬ್ಬಿಂಗ್ ತಪ್ಪಿದ ಸಿನಿಮಾ ನೋಡಿದ ಹಾಗೆ. ಎದುರಿನ ಸ್ಟ್ಯಾಂಡ್‌ಗೆ ಬಡಿದು ಬರುವ ಬೇಸ್ ಬೇರೆ. ಸಿಂತಸೈಜರ್ ಕೀಬೋರ್ಡ್, ಗಿಟಾರ್, ತಂಡದ ವಿಲ್ ಚಾಂಪಿಯನ್ ಬಾರಿಸುವ ಡ್ರಮ್ಸ್, ಜೊತೆಗೆ ಜನರ ಕೂಗು ಎಲ್ಲ ಕಲಸಿಕೊಂಡು ಕ್ರಿಸ್ ಏನು ಹಾಡುತ್ತಿದ್ದಾರೆ ಅನ್ನುವುದು ನನಗೆ ಗೊತ್ತಾದದ್ದು ಹಾಡು ಬಾಯಿಪಾಠ ಇದ್ದದ್ದರಿಂದ ಮಾತ್ರ.

ಎಡ್ ಶೀರನ್ ಗೆದ್ದದ್ದು ಇಲ್ಲೇ. ಅವರ ಹತ್ತಿರ ಇರುವುದು ಒಂದು ಗಿಟಾರ್, ಒಂದು ದನಿ, ಕಾಲ ಕೆಳಗೆ ಒಂದು ಲೂಪ್ ಪೆಡಲ್. ಗಿಟಾರ್‌ನ ಮೈ ಮೇಲೆ ಕೈಯಿಂದ ತಟ್ಟುತ್ತಾರೆ, ಪೆಡಲ್ ಒತ್ತಿದರೆ ಆ ತಟ್ಟು ತಿರುಗಿ ತಿರುಗಿ ಬರುತ್ತಿರುತ್ತದೆ. ಅದರ ಮೇಲೆ ತಂತಿ ಮೀಟುತ್ತಾರೆ, ಅದೂ ಸೇರಿಕೊಳ್ಳುತ್ತದೆ. ಆಮೇಲೆ ಒಂದು ದನಿ, ಅದರ ಮೇಲೆ ಇನ್ನೊಂದು ದನಿ. ಹೀಗೆ ನಮ್ಮ ಕಣ್ಣೆದುರೇ ಒಬ್ಬ ಮನುಷ್ಯ ಒಂದು ಇಡೀ ತಂಡವಾಗುತ್ತಾ ಹೋಗುತ್ತಾನೆ, ಹಾಡು ಮುಗಿದ ಕೂಡಲೇ ಎಲ್ಲ ಅಳಿಸಿ ಮತ್ತೆ ಸೊನ್ನೆಯಿಂದ ಶುರು. ಮೊದಲ ತಟ್ಟು ಒಂದು ಚೂರು ತಪ್ಪಿದರೂ ಆ ತಪ್ಪು ಹಾಡು ಮುಗಿಯುವವರೆಗೆ ಬೆನ್ನು ಬಿಡುವುದಿಲ್ಲ. ಅದಕ್ಕೇ ಪ್ರತಿ ಹಾಡಿನ ಮೊದಲ ಕೆಲವು ಸೆಕೆಂಡ್ ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲಿದ್ದ ಗೆಳತಿಗೆ ಅದೇ ಬೋರ್. "ಇವನು ಇನ್ನೂ ಡಬ್ಬ ಬಡಿಯುತ್ತಾ ಇದ್ದಾನಲ್ಲೇ, ಹಾಡೋದು ಯಾವಾಗ?" ಅಂತ ಕೇಳಿದಳು.

ಒಂದೇ ಗಿಟಾರ್ ಇಟ್ಟುಕೊಂಡು ಸ್ಟೇಡಿಯಂ ತುಂಬಿಸಲು ಆಗುತ್ತಾ ಅನ್ನುವ ಅನುಮಾನಕ್ಕೆ ಅವರು 2015ರಲ್ಲೇ ಉತ್ತರ ಕೊಟ್ಟಿದ್ದಾರೆ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಮೂರು ರಾತ್ರಿ ಒಬ್ಬರೇ ನಿಂತು. 2022ರಲ್ಲಿ ಶುರುವಾದ ಟೂರ್‌ನಲ್ಲಿ ಸ್ಟೇಜ್ ಸ್ಟೇಡಿಯಂನ ಮಧ್ಯದಲ್ಲಿ, ದುಂಡಗೆ, ಮೆಲ್ಲಗೆ ತಿರುಗುತ್ತಾ ಇತ್ತು, ಕೆಲವು ಹಾಡಿಗೆ ವಾದ್ಯಗಾರರ ಬ್ಯಾಂಡ್ ಕೂಡ ಸೇರುತ್ತಿತ್ತು. ನನಗೆ ಬ್ಯಾಂಡ್ ಇದ್ದ ಹಾಡುಗಳು ಅಷ್ಟಕ್ಕಷ್ಟೇ. ಒಬ್ಬರೇ ಇದ್ದಾಗ ವಾದ್ಯಗಳ ರಾಶಿ ಇಲ್ಲ, ಹಾಗಾಗಿ ಸೌಂಡ್ ರಾಡಿಯಾಗುವುದಿಲ್ಲ, ದನಿ ಪಕ್ಕದಲ್ಲೇ ಕೂತು ಹಾಡಿದಷ್ಟು ನಿಚ್ಚಳ. ನಿಧಾನದ ಹಾಡುಗಳಲ್ಲಿ ಕೊನೆಯ ಅಕ್ಷರ ಕೂಡ ಕೇಳಿಸುತ್ತಿತ್ತು. ಜೋರು ರ್‍ಯಾಪ್ ಭಾಗ ಮಾತ್ರ ಅರ್ಧಕ್ಕರ್ಧ ಗಾಳಿಗೆ ಹೋಯಿತು.

ಹುಳುಕು ಇಲ್ಲ ಅಂತಲ್ಲ. ಜನರನ್ನು ಎರಡು ಭಾಗ ಮಾಡಿ ಯಾರು ಜೋರಾಗಿ ಕೂಗುತ್ತೀರಿ ನೋಡೋಣ ಅನ್ನುವ ಆಟ ಅವರಿಗೆ ತುಂಬಾ ಇಷ್ಟ, ನನಗಿಲ್ಲ. ಹಾಡಿನ ನಡುವಿನ ಮಾತುಗಳೂ ಬೇರೆ ಶೋಗಳ ವಿಡಿಯೋದಲ್ಲಿ ಕೇಳಿದ್ದೇ. ಆದರೆ ಕೊನೆಯಲ್ಲಿ ಜನರೆಲ್ಲ ಸೇರಿ ಕೋರಸ್ ಹಾಡುವಾಗ ಅವರು ಮೈಕ್‌ನಿಂದ ಹಿಂದೆ ಸರಿದು ಸುಮ್ನೆ ನಿಂತುಬಿಟ್ಟರು ನೋಡಿ, ಆಗ ನನ್ನ ಗಂಟಲು ಕಟ್ಟಿ ಹಾಡಲಿಕ್ಕೇ ಆಗಲಿಲ್ಲ.

ಹೋಗುವವರಿಗೆ ಎರಡು ಮಾತು. ಸೌಂಡ್ ಬೇಕಾದವರು ನೆಲದ ಮಧ್ಯದಲ್ಲಿ ಸೌಂಡ್ ಇಂಜಿನಿಯರ್ ಕೂತಿರುವ ಜಾಗ ಹುಡುಕಿ ಅದರ ಸುತ್ತಮುತ್ತ ನಿಲ್ಲಿ. ಅವನು ಎಲ್ಲವನ್ನೂ ಹದ ಮಾಡುವುದು ತನ್ನ ಕಿವಿಗೆ ಕೇಳಿದ್ದನ್ನು ನಂಬಿ. ಬೇಲಿಗೆ ಅಂಟಿಕೊಂಡು ಮುಂದೆ ನಿಂತರೆ ಗಾಯಕರ ಬೆವರು ಕಾಣುತ್ತದೆ ನಿಜ, ಆದರೆ ದೊಡ್ಡ ಸ್ಪೀಕರ್‌ಗಳು ಎತ್ತರದಲ್ಲಿ ತೂಗುತ್ತಾ ನಿಮ್ಮ ತಲೆಯ ಮೇಲಿಂದ ಹಿಂದಕ್ಕೆ ಶಬ್ದ ಎಸೆಯುತ್ತಿರುತ್ತವೆ, ನಿಮ್ಮ ಪಾಲಿಗೆ ಎದೆಗೆ ಗುದ್ದುವ ಬೇಸೇ ಜಾಸ್ತಿ. ಇಯರ್‌ಪ್ಲಗ್ ಮರೆಯಬೇಡಿ. ಇಂಥ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ, ಆದರೆ ನಿಮ್ಮ ಪಕ್ಕದಲ್ಲಿ ಕಿರುಚುವವರಿಗೆ ಆ ಮಿತಿ ಯಾರು ಹೇಳಬೇಕು? ಫೋಮ್‌ನದ್ದಲ್ಲ, ಸಂಗೀತಗಾರರು ಹಾಕಿಕೊಳ್ಳುವ ಫಿಲ್ಟರ್ ಇರುವಂಥದ್ದು ತಗೊಳ್ಳಿ. ಫೋಮ್ ಹಾಕಿದರೆ ಶಬ್ದದ ಜೊತೆ ಹಾಡಿನ ಹೊಳಪೂ ಹೋಗಿಬಿಡುತ್ತದೆ.

ಟಿಕೆಟ್ ಕೊಳ್ಳುವ ಗೋಳಿನ ಬಗ್ಗೆ ಬರೆದರೆ ಬೈಗುಳವೇ ಬರುತ್ತದೆ, ಬಿಡಿ. ಒಂದೇ ಸಂಗತಿ: ನನಗೆ ಮಾರಿದ ಸೀಟಿನ ಎದುರು ಸ್ಪೀಕರ್ ಟವರ್ ಬಂದು ಎಡಗಡೆಯ ಸ್ಕ್ರೀನ್ ಪೂರ್ತಿ ಮುಚ್ಚಿಹೋಗಿತ್ತು, ಮಾರುವಾಗ ಯಾರೂ ಅದನ್ನು ಹೇಳಲಿಲ್ಲ. ಸೀಟ್ ನಂಬರ್ ಹಾಕಿ ಹಿಂದಿನವರು ತೆಗೆದ ಫೋಟೋ ಹುಡುಕಿ ನೋಡಿಯೇ ದುಡ್ಡು ಕಟ್ಟಿ. ಇನ್ನು ಪಾರ್ಕಿಂಗ್ ರಶ್‌ಗೆ ಹೆದರಿ ಕೊನೆಯ ಹಾಡಿಗೆ ಮೊದಲೇ ಎದ್ದು ಹೋಗುವ ಪುಣ್ಯಾತ್ಮರೇ, ಹೋಗುವುದು ನಿಮ್ಮಿಷ್ಟ, ದಯವಿಟ್ಟು ಸ್ವಲ್ಪ ಬಗ್ಗಿ ಹೋಗಿ.