ಕಾಂಬೊ ಆಫರ್‌ಗೆ ಯಾವುದು ವಾಸಿ: ಶಾಪಿಫೈ ಬಂಡಲ್ಸ್ ಅಥವಾ ವೂಕಾಮರ್ಸ್ ಪ್ರಾಡಕ್ಟ್ ಬಂಡಲ್ಸ್?

ಮೂರು ಸಾಮಾನು ಸೇರಿಸಿ, ಬೆಲೆ ಸ್ವಲ್ಪ ಇಳಿಸಿ ಒಟ್ಟಿಗೆ ಮಾರುವುದು ನೋಡಲು ಸುಲಭದ ಕೆಲಸ. ಪುಟದಲ್ಲಿ ಚೆಂದ ಕಾಣುವ ಕಾಂಬೊವನ್ನು ಯಾವ ಆ್ಯಪ್ ಬೇಕಾದರೂ ಕಟ್ಟಿಕೊಡುತ್ತದೆ. ಅದರ ಯೋಗ್ಯತೆ ಗೊತ್ತಾಗುವುದು ಆರ್ಡರ್ ಬಿದ್ದ ಮೇಲೆ. ಸ್ಟಾಕ್ ಸರಿಯಾಗಿ ಇಳಿಯಿತೇ? ರಿಯಾಯಿತಿ ಯಾವ ಸಾಮಾನಿನ ಮೇಲೆ ಎಷ್ಟು ಬಿತ್ತು? ಗಿರಾಕಿ ಮೂರರಲ್ಲಿ ಒಂದನ್ನಷ್ಟೇ ವಾಪಸ್ ಕಳಿಸಿದರೆ ಎಷ್ಟು ಹಣ ಕೊಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಕೊಡದ ಬಂಡಲ್ (ಕಾಂಬೊ) ಎಷ್ಟು ಮಾರಿದರೂ ಲೆಕ್ಕದಲ್ಲಿ ತಲೆನೋವೇ. ಆನ್‌ಲೈನ್ ಅಂಗಡಿ ನಡೆಸಲು ಬಳಸುವ ಶಾಪಿಫೈ ಮತ್ತು ವೂಕಾಮರ್ಸ್‌ಗಳ ಬಂಡಲ್ ಸಾಧನಗಳೆರಡನ್ನೂ ಇಲ್ಲಿ ತೂಗಿರುವುದು ಇದೇ ಅಳತೆಯಲ್ಲಿ.

ಮೊದಲು, ಯಾವ ಸಾಧನವೂ ಇಲ್ಲದೆ ಹಲವರು ಹಿಡಿಯುವ ದಾರಿಯ ಬಗ್ಗೆ ಒಂದು ಮಾತು. ಕಾಂಬೊಗೆಂದು ಹೊಸ ಉತ್ಪನ್ನ ಸೇರಿಸಿ, ಅದಕ್ಕೆ ಪ್ರತ್ಯೇಕ ಸ್ಟಾಕ್ ಸಂಖ್ಯೆ ಹಾಕುತ್ತಾರೆ. ಗೋದಾಮಿನಲ್ಲಿರುವುದು ಒಂದೇ ರಾಶಿ, ಅಂಗಡಿಯಲ್ಲಿ ಮಾತ್ರ ಎರಡು ಲೆಕ್ಕ. ಕಾಂಬೊದಲ್ಲಿ 10 ಅಂತ ತೋರಿಸುತ್ತಿರುತ್ತದೆ, ಅಷ್ಟರಲ್ಲಿ ಅದರೊಳಗಿನ ಒಂದು ಸಾಮಾನು ಬಿಡಿಯಾಗಿ ಮಾರಿ ಖಾಲಿಯಾಗಿರುತ್ತದೆ. ಹಣ ಬಂದಿದೆ, ಮಾಲು ಇಲ್ಲ. ದಿನಕ್ಕೆ ಒಂದೆರಡು ಆರ್ಡರ್ ಬರುವ ಅಂಗಡಿಯಲ್ಲೂ ಇದನ್ನು ಮಾಡಬಾರದು.

ಸರಿಯಾದ ಲೆಕ್ಕ ಹೀಗಿರಬೇಕು: ಮೂರು ಸಾಮಾನುಗಳ ಸ್ಟಾಕ್ 12, 7, 40 ಇದೆ ಎಂದುಕೊಳ್ಳಿ. ಎರಡನೆಯದು ಪ್ರತಿ ಬಂಡಲ್‌ಗೆ 2 ಬೇಕು, ಉಳಿದವು ಒಂದೊಂದು. ಆಗ ಮಾರಬಹುದಾದದ್ದು 3 ಬಂಡಲ್ ಮಾತ್ರ. ಈ ಎಣಿಕೆಯನ್ನು ಶಾಪಿಫೈ ಬಂಡಲ್ಸ್ ತಾನೇ ಮಾಡುತ್ತದೆ. ಬಂಡಲ್‌ಗೆ ಬೇರೆ ಸ್ಟಾಕ್ ಇರುವುದಿಲ್ಲ, ಒಳಗಿನ ಸಾಮಾನುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಮಿತಿ. ವೂಕಾಮರ್ಸ್ ಪ್ರಾಡಕ್ಟ್ ಬಂಡಲ್ಸ್ ಕೂಡ ಒಳಗಿನ ಸಾಮಾನಿನ ಸ್ಟಾಕನ್ನೇ ಇಳಿಸುತ್ತದೆ. ಆದರೆ ಆ ಸಾಮಾನಿನಲ್ಲಿ ಸ್ಟಾಕ್ ನಿರ್ವಹಣೆ ಆನ್ ಆಗಿರಬೇಕು. ಆಫ್ ಆಗಿದ್ದರೆ ಆ ಸಾಮಾನು ಗೋದಾಮಿನಲ್ಲಿ ಮುಗಿದರೂ ಬಂಡಲ್ ಮಾರಾಟ ತಾನಾಗಿ ನಿಲ್ಲುವುದಿಲ್ಲ.

ಶಾಪಿಫೈ ಬಂಡಲ್ಸ್ ಶಾಪಿಫೈಯದ್ದೇ ಆ್ಯಪ್, ಉಚಿತ. ಆ್ಯಪ್ ಹಾಕಿ, ಹೊಸ ಬಂಡಲ್ ತೆರೆದು, ಉತ್ಪನ್ನಗಳನ್ನು ಆರಿಸಿ, ಪ್ರತಿಯೊಂದಕ್ಕೂ ಎಷ್ಟು ಬೇಕೆಂದು ಹಾಕಿ ಸೇವ್ ಮಾಡಿದರೆ ಬಂಡಲ್ ಹೊಸ ಉತ್ಪನ್ನವಾಗಿ ಸೃಷ್ಟಿಯಾಗುತ್ತದೆ. ಬೆಲೆ, ಚಿತ್ರ, ವಿವರಣೆ ಎಲ್ಲವನ್ನೂ ಆಮೇಲೆ ಉತ್ಪನ್ನದ ಪುಟದಲ್ಲಿ ತುಂಬಬೇಕು. ರಿಯಾಯಿತಿಯನ್ನು ಶೇಕಡಾವಾರು ಕೊಡಲು ಇಲ್ಲಿ ಜಾಗವಿಲ್ಲ. ನೀವೇ ಕೂಡಿ ಕಳೆದು ಬೆಲೆ ಬರೆಯಬೇಕು, ಹೊಡೆದುಹಾಕಿದಂತೆ ಕಾಣುವ ಹಳೆಯ ಬೆಲೆಯನ್ನೂ ಪಕ್ಕದ ಖಾನೆಯಲ್ಲಿ ನೀವೇ ಹಾಕಬೇಕು. ಹೀಗಾಗಿ ಒಳಗಿನ ಸಾಮಾನಿನ ಬೆಲೆ ಏರಿದರೂ ಇಳಿದರೂ ಬಂಡಲ್ ಬೆಲೆ ಇದ್ದಲ್ಲೇ ಇರುತ್ತದೆ. ಬಿಡಿ ಬೆಲೆ ಇಳಿಸಿ ಬಂಡಲ್ ಮರೆತರೆ, ಒಟ್ಟಿಗೆ ಕೊಂಡವನಿಗೇ ಹೆಚ್ಚು ಬೀಳುವ ಪರಿಸ್ಥಿತಿ ಬರುತ್ತದೆ.

ಇದರ ಇನ್ನೊಂದು ಗೋಡೆ ಆಯ್ಕೆಗಳದ್ದು. ಒಂದು ಬಂಡಲ್‌ಗೆ 30 ಉತ್ಪನ್ನಗಳವರೆಗೆ ಸೇರಿಸಬಹುದು, ಅದೇನೂ ಸಾಲದಾಗುವುದಿಲ್ಲ. ಆದರೆ ಗಿರಾಕಿಗೆ ತೋರಿಸಬಹುದಾದ ಆಯ್ಕೆಗಳು 3 ಮಾತ್ರ. ಅಂಗಿಗೆ ಅಳತೆ ಮತ್ತು ಬಣ್ಣ, ಪ್ಯಾಂಟಿಗೆ ಅಳತೆ ಮತ್ತು ಬಣ್ಣ ಅಂದರೆ ಅಲ್ಲಿಗೇ 4 ಆಯಿತು, ಬಂಡಲ್ ಕಟ್ಟಲಾಗದು. ಪ್ಯಾಂಟಿನ ಬಣ್ಣವನ್ನು ಕಪ್ಪು ಎಂದು ಒಂದಕ್ಕೇ ಗಟ್ಟಿ ಮಾಡಿದರೆ ಉಳಿದ ಮೂರಕ್ಕೆ ಜಾಗ ಸಿಗುತ್ತದೆ. ಬಟ್ಟೆ ಮಾರುವವರು ಯೋಜನೆ ಹಾಕುವ ಮುನ್ನವೇ ಈ ಎಣಿಕೆ ಮಾಡಿಕೊಳ್ಳುವುದು ಒಳ್ಳೆಯದು. 'ಹತ್ತರಲ್ಲಿ ಯಾವುದಾದರೂ ನಾಲ್ಕು ಆರಿಸಿ' ಎಂಬ ರೀತಿಯ ಕಾಂಬೊ ಈ ಆ್ಯಪ್‌ನ ಕೆಲಸವಲ್ಲ. ನಿಗದಿತ ಸೆಟ್, ಅಥವಾ ಒಂದೇ ಸಾಮಾನಿನ ಮೂರರ, ಆರರ ಪ್ಯಾಕ್, ಇಷ್ಟಕ್ಕೆ ಮಾತ್ರ ಅದು ಇರುವುದು.

ವೂಕಾಮರ್ಸ್‌ನಲ್ಲಿ ಉಚಿತವಾಗಿ ಬರುವ 'ಗ್ರೂಪ್ಡ್ ಪ್ರಾಡಕ್ಟ್' ನೋಡಿ ಇದೇ ಸಾಕು ಅಂದುಕೊಳ್ಳಬೇಡಿ. ಅದು ಹಲವು ಸಾಮಾನುಗಳನ್ನು ಒಂದೇ ಪುಟದಲ್ಲಿ ಜೋಡಿಸಿ ತೋರಿಸುತ್ತದೆ ಅಷ್ಟೆ. ಗಿರಾಕಿ ಅದರಲ್ಲಿ ಒಂದನ್ನೇ ಕೊಂಡು ಹೋಗಬಹುದು, ಸೆಟ್‌ಗೆಂದು ರಿಯಾಯಿತಿಯೂ ಇರುವುದಿಲ್ಲ. ನಿಜವಾದ ಬಂಡಲ್‌ಗೆ ಬೇಕಾದದ್ದು ವರ್ಷದ ಚಂದಾ ಕೊಟ್ಟು ಪಡೆಯುವ ಪ್ರಾಡಕ್ಟ್ ಬಂಡಲ್ಸ್ ಎಕ್ಸ್‌ಟೆನ್ಷನ್, ಅಂದರೆ ವೂಕಾಮರ್ಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನ.

ಅದರಲ್ಲಿ ಉತ್ಪನ್ನದ ಬಗೆಯನ್ನು 'ಪ್ರಾಡಕ್ಟ್ ಬಂಡಲ್' ಎಂದು ಬದಲಿಸಿದ ಮೇಲೆ ಸಾಮಾನುಗಳನ್ನು ಒಂದೊಂದಾಗಿ ಸೇರಿಸುತ್ತೀರಿ. ಪ್ರತಿಯೊಂದರ ಕೆಳಗೂ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆ, ಐಚ್ಛಿಕವೇ ಎಂಬ ಗುರುತು, 'ಪ್ರೈಸ್ಡ್ ಇಂಡಿವಿಜುವಲಿ' (ಬೆಲೆ ಬಿಡಿಯಾಗಿ), 'ಶಿಪ್ಡ್ ಇಂಡಿವಿಜುವಲಿ' (ಸಾಗಣೆ ಬಿಡಿಯಾಗಿ) ಎಂಬ ಟಿಕ್‌ಗಳು ಇರುತ್ತವೆ. ಎಲ್ಲ ಎಡವಟ್ಟೂ ಹುಟ್ಟುವುದು 'ಪ್ರೈಸ್ಡ್ ಇಂಡಿವಿಜುವಲಿ' ಟಿಕ್‌ನಲ್ಲೇ. ಟಿಕ್ ಹಾಕಿದರೆ ಆ ಸಾಮಾನು ತನ್ನ ಬೆಲೆಯನ್ನು ಉಳಿಸಿಕೊಂಡು ಬರುತ್ತದೆ, ಅದರ ಮೇಲೆ ಶೇಕಡಾ ಎಷ್ಟು ಕಡಿತ ಎಂದು ಹೇಳಲು ಖಾನೆ ಸಿಗುತ್ತದೆ. ಹಾಕದಿದ್ದರೆ ಬಂಡಲ್‌ನ ಮುಖ್ಯ ಬೆಲೆಯೇ ಲೆಕ್ಕ. ಎರಡನ್ನೂ ತುಂಬಿದರೆ ಎರಡೂ ಕೂಡುತ್ತವೆ. 500, 300, 200ರ ಮೂರು ಸಾಮಾನು ಸೇರಿಸಿ, ಮುಖ್ಯ ಬೆಲೆಯಲ್ಲಿ 850 ಬರೆದು, ಮೂರಕ್ಕೂ ಟಿಕ್ ಹಾಕಿದರೆ ಗಿರಾಕಿಗೆ ಕಾಣುವ ಬೆಲೆ 1850! ಶೇಕಡಾವಾರು ರಿಯಾಯಿತಿ ಬೇಕಿದ್ದರೆ ಮುಖ್ಯ ಬೆಲೆಯ ಖಾನೆಯನ್ನು ಖಾಲಿ ಬಿಡಿ.

ಇನ್ನೊಂದು ಸೂಕ್ಷ್ಮ ಇದೆ. ಈ ಶೇಕಡಾ ಕಡಿತ ಸಾಮಾನ್ಯವಾಗಿ ಸಾಮಾನಿನ ಮೂಲ ಬೆಲೆಯ ಮೇಲೆ ಬೀಳುತ್ತದೆ, ಸೇಲ್ ಬೆಲೆಯ ಮೇಲಲ್ಲ. 500ರ ಸಾಮಾನು ಸೇಲ್‌ನಲ್ಲಿ 400ಕ್ಕೆ ಸಿಗುತ್ತಿದೆ, ಬಂಡಲ್‌ನಲ್ಲಿ ನೀವು ಕೊಟ್ಟಿರುವುದು ಶೇ 10. ಆಗ ಬಂಡಲ್ ಒಳಗೆ ಅದರ ಬೆಲೆ 450. ಹೊರಗೇ ಅಗ್ಗ. ಸೇಲ್ ಹಾಕುವ ವಾರದಲ್ಲಿ ಆ ಸಾಮಾನಿರುವ ಬಂಡಲ್‌ಗಳ ಕಡಿತವನ್ನೂ ತಿದ್ದಬೇಕು, ಇಲ್ಲವೇ ಅಷ್ಟು ದಿನ ಬಂಡಲನ್ನು ಅಡಗಿಸಿಡಬೇಕು.

ವಾಪಸಾತಿ ವಿಷಯಕ್ಕೆ ಬರೋಣ. 500, 300, 200ರ ಸಾಮಾನುಗಳಿರುವ 1000ದ ಸೆಟ್ಟನ್ನು 850ಕ್ಕೆ ಮಾರಿದ್ದೀರಿ. ಬೆಲೆಗೆ ತಕ್ಕಂತೆ ಹಂಚಿದರೆ ಮೂರು ಸಾಮಾನುಗಳಿಗೆ 425, 255, 170 ಬರುತ್ತದೆ. ಕೊನೆಯದು ವಾಪಸ್ ಬಂದರೆ ಕೊಡಬೇಕಾದದ್ದು 170, 200 ಅಲ್ಲ. ಶಾಪಿಫೈ ಈ ಹಂಚಿಕೆಯನ್ನು ತಾನೇ ಮಾಡುತ್ತದೆ, ಆರ್ಡರ್‌ನಲ್ಲಿ ಸಾಮಾನುಗಳನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ಪ್ಯಾಕ್ ಮಾಡುವವರಿಗೂ ಇದರಿಂದ ಅನುಕೂಲ. ವೂಕಾಮರ್ಸ್‌ನಲ್ಲಿ 'ಪ್ರೈಸ್ಡ್ ಇಂಡಿವಿಜುವಲಿ' ಟಿಕ್ ಹಾಕಿದ್ದರೆ ಹಂಚಿಕೆ ಸರಿಯಾಗಿ ಸಿಗುತ್ತದೆ. ಹಾಕದಿದ್ದರೆ ಪೂರ್ತಿ 850 ಬಂಡಲ್‌ನ ಸಾಲಿನಲ್ಲಿ ಕೂತು, ಒಳಗಿನ ಸಾಮಾನುಗಳ ಎದುರು ಸೊನ್ನೆ ಇರುತ್ತದೆ. ಮರುಪಾವತಿಯ ಮೊತ್ತವನ್ನು ಕೈಯಲ್ಲೇ ಲೆಕ್ಕ ಹಾಕಬೇಕು. ಸಾಮಾನುಗಳ ತೆರಿಗೆ ದರ ಬೇರೆಬೇರೆ ಇದ್ದರೆ ಯೋಚಿಸುವ ಅಗತ್ಯವೇ ಇಲ್ಲ, ಟಿಕ್ ಹಾಕಿ. ಪ್ರತಿ ಸಾಮಾನಿಗೂ ಅದರದ್ದೇ ದರದಲ್ಲಿ ತೆರಿಗೆ ಬೀಳುತ್ತದೆ. ಬದಲಿಗೆ ಕಳೆದುಕೊಳ್ಳುವುದು ಒಂದೇ: ಶೇಕಡಾ ಲೆಕ್ಕದಲ್ಲಿ 849ರಂಥ ಅಚ್ಚುಕಟ್ಟಾದ ಬೆಲೆ ಕೂರಿಸುವುದು ಕಷ್ಟ, 299ಕ್ಕೆ ಶೇ 15 ಕಳೆದರೆ 254.15 ಎಂದೇ ಬರುತ್ತದೆ.

ಶೇ 15 ಸಣ್ಣದೆಂದು ಕಾಣಬಹುದು. 1000ದ ಸೆಟ್‌ನ ಅಸಲು 600 ಇದ್ದರೆ ಲಾಭ 400. 850ಕ್ಕೆ ಮಾರಿದಾಗ ಉಳಿಯುವುದು 250, ಅಂದರೆ ಲಾಭದಲ್ಲಿ ಶೇ 37.5 ಹೋಯಿತು. ಮೂರು ಪಾರ್ಸೆಲ್ ಬದಲು ಒಂದೇ ಕಳಿಸಿದ್ದರಿಂದ ಉಳಿದ ಸಾಗಣೆ ಖರ್ಚು ಇದರಲ್ಲಿ ಎಷ್ಟನ್ನು ತುಂಬಿಕೊಡುತ್ತದೆ ಎಂದು ನೋಡಿಯೇ ರಿಯಾಯಿತಿ ನಿಗದಿ ಮಾಡಬೇಕು. ಇದರ ಮೇಲೆ ಶೇ 10ರ ಕೂಪನ್ ಕೂಡ ನಡೆದರೆ 850 ಇಳಿದು 765 ಆಗುತ್ತದೆ. ಕೂಪನ್ ಮಾಡುವಾಗಲೇ ಬಂಡಲ್‌ಗಳನ್ನು ಹೊರಗಿಡಿ, ಆಮೇಲೆ ಕಾರ್ಟ್‌ನಲ್ಲಿ ಕೂಪನ್ ಹಾಕಿ ನಿಜಕ್ಕೂ ತಡೆಯುತ್ತದೆಯೇ ನೋಡಿ.

ಬೆಲೆ ಪದೇಪದೇ ಬದಲಾಗುವ, ತೆರಿಗೆ ದರ ಬೆರೆಯುವ, ಗಿರಾಕಿಗೆ ಆರಿಸಲು ಬಿಡುವ ಅಂಗಡಿಗೆ ವೂಕಾಮರ್ಸ್‌ನದ್ದೇ ಸರಿ, ಚಂದಾ ಕೊಟ್ಟದ್ದು ದಂಡವಲ್ಲ. ಅದರಲ್ಲಿ ಬಂಡಲ್‌ಗೆ ಒಟ್ಟು ಕನಿಷ್ಠ, ಗರಿಷ್ಠ ಸಂಖ್ಯೆ ನಿಗದಿ ಮಾಡಿ 'ಯಾವುದಾದರೂ ನಾಲ್ಕು' ಮಾದರಿಯನ್ನೂ ಕಟ್ಟಬಹುದು. ಈಗಾಗಲೇ ಶಾಪಿಫೈಯಲ್ಲಿದ್ದು, ನಾಲ್ಕೈದು ಸ್ಥಿರ ಸೆಟ್ ಮಾರುವವರಿಗೆ ಉಚಿತ ಆ್ಯಪ್ ಧಾರಾಳ ಸಾಕು. ವಾಪಸಾತಿ ಲೆಕ್ಕದಲ್ಲಂತೂ ಅದು ಹೆಚ್ಚು ಅಚ್ಚುಕಟ್ಟು.

ಯಾವುದನ್ನೇ ಆರಿಸಿ, ಬಂಡಲನ್ನು ಪ್ರಕಟಿಸುವ ಮುನ್ನ ಈ ಒಂದು ಪರೀಕ್ಷೆ ಬಿಡಬೇಡಿ. ಬಂಡಲ್‌ಗೆ 2 ಬೇಕಾದ ಸಾಮಾನಿನ ಸ್ಟಾಕನ್ನು ಸರಿಯಾಗಿ 2ಕ್ಕೆ ಇಳಿಸಿ. ಕಾರ್ಟ್‌ಗೆ ಒಂದು ಬಂಡಲ್ ಹಾಕಿ, ಅದೇ ಸಾಮಾನನ್ನು ಬಿಡಿಯಾಗಿ ಇನ್ನೊಂದು ಸೇರಿಸಿ. ಚೆಕ್‌ಔಟ್ ಮುಗಿಯುವುದರೊಳಗೆ ಅಂಗಡಿ ತಡೆಯಬೇಕು. ತಡೆಯದಿದ್ದರೆ ಮೊದಲು ಆ ಸಾಮಾನಿನಲ್ಲಿ 'ಸ್ಟಾಕ್ ಮುಗಿದರೂ ಮಾರು' ಅಥವಾ ಬ್ಯಾಕ್‌ಆರ್ಡರ್ ಆನ್ ಆಗಿದೆಯೇ ಎಂದು ನೋಡಿ.